ಪದ ಪರಿಚಯ: ಮಾಜಿ ಸೈನಿಕರ ರಾಜ್ಯ ಸಂಘ

ಸೇನೆಯಿಂದ ನಿವೃತ್ತರಾದವರು ರಾಜ್ಯ ಮಟ್ಟದಲ್ಲಿ ಕಟ್ಟಿಕೊಂಡು, ತಮ್ಮ ಪರವಾಗಿಯೂ ಇನ್ನೂ ಸೇವೆಯಲ್ಲಿರುವವರ ಪರವಾಗಿಯೂ ಸರ್ಕಾರದ ಮುಂದೆ ಮಾತಾಡುವ ನೋಂದಾಯಿತ ಸಂಸ್ಥೆಯೇ ಮಾಜಿ ಸೈನಿಕರ ರಾಜ್ಯ ಸಂಘ. ಕೆಲವು ಸಂಘಗಳಲ್ಲಿ ಅಧಿಕಾರಿಗಳಷ್ಟೇ ಸದಸ್ಯರು. ಉಳಿದವುಗಳಲ್ಲಿ ಸಿಪಾಯಿಯಿಂದ ಜನರಲ್‌ವರೆಗೆ ಎಲ್ಲರಿಗೂ ಜಾಗವಿದೆ. ಬೆಂಗಳೂರಿನಲ್ಲಿ ಎರಡೂ ಬಗೆಯವು ಇವೆ, ಹೆಚ್ಚಿನವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ದಾಖಲಾದಂಥವು.

ಇದನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜತೆ ಬೆರೆಸಿಕೊಳ್ಳುವವರು ಬಹಳ. ರೆಸಿಡೆನ್ಸಿ ರಸ್ತೆಯಲ್ಲಿ, ಅಂದರೆ ಈಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿ, ಕಚೇರಿ ಇಟ್ಟುಕೊಂಡಿರುವ ಆ ಇಲಾಖೆ ರಾಜ್ಯ ಸರ್ಕಾರದ್ದು. ಗುರುತಿನ ಚೀಟಿ, ಮಕ್ಕಳ ವಿದ್ಯಾರ್ಥಿವೇತನ, ಡಿಸೆಂಬರ್ 7ರ ಧ್ವಜ ದಿನದ ನಿಧಿ, ಇವೆಲ್ಲ ಅದರ ಕೆಲಸ. ಸರ್ಕಾರ ಹೊರಡಿಸಿದ ಆದೇಶವನ್ನು ಇಲಾಖೆ ಜಾರಿ ಮಾಡುತ್ತದೆ. ಆ ಆದೇಶ ಸಾಲದು, ಇದರಲ್ಲಿ ಅನ್ಯಾಯವಿದೆ ಎಂದು ಹೇಳಬೇಕಾದರೆ ಸಂಘವೇ ಬೇಕು.

ಬ್ಯಾಂಕ್ ನೌಕರರಿಗೆ ಯೂನಿಯನ್ ಇದೆ, ಬಸ್ ಚಾಲಕರಿಗೆ ಇದೆ, ಅಂಗನವಾಡಿ ಕಾರ್ಯಕರ್ತೆಯರಿಗೂ ಇದೆ. ಸೈನಿಕರಿಗೆ ಇಲ್ಲ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿದೆ ನಿಜ. ಆದರೆ ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಅದರಂತೆ 1950ರ ಸೇನಾ ಕಾಯ್ದೆಯ 21ನೇ ಕಲಮು ಮತ್ತು 1954ರ ಸೇನಾ ನಿಯಮಗಳು ಸೈನಿಕರು ಯೂನಿಯನ್ ಸೇರುವುದನ್ನೂ, ಪತ್ರಿಕೆಗಳ ಮುಂದೆ ಬಾಯಿ ಬಿಡುವುದನ್ನೂ ನಿರ್ಬಂಧಿಸಿವೆ. ತನಗಾದ ಅನ್ಯಾಯವನ್ನು ಮೇಲಿನವರಿಗೆ ಬರೆದುಕೊಳ್ಳಲು ದಾರಿ ಉಂಟು, ಆದರೆ ಒಬ್ಬೊಬ್ಬರೇ, ಅದೂ ತಮ್ಮೊಬ್ಬರ ವಿಷಯ ಮಾತ್ರ. ನಾಲ್ಕು ಜನ ಸೇರಿ ಒಂದು ಮನವಿಗೆ ಸಹಿ ಹಾಕಿದರೂ ಅದು ಶಿಸ್ತಿನ ಪ್ರಶ್ನೆಯಾಗುತ್ತದೆ. ಗಡಿ ಕಾಯುವ ಪಡೆಗೆ ಈ ಕಟ್ಟುಪಾಡು ಇರಲೇಬೇಕು ಎಂದು ನಾನೂ ಒಪ್ಪುತ್ತೇನೆ. ಹಾಗೆಂದೇ ಸಮವಸ್ತ್ರ ಕಳಚಿದವರ ಮೇಲೆ ಹೊಣೆ ಬೀಳುತ್ತದೆ. ಒಳಗಿರುವವರು ಆಡಲಾಗದ ಮಾತನ್ನು ಹೊರಗೆ ಬಂದವರು ಆಡಬೇಕು.

ಅಧಿಕಾರಿಗಳ ಸಂಘ ಎಂದರೆ ಕ್ಲಬ್ಬು, ಪಾರ್ಟಿ ಎಂದು ತಿಳಿದವರು 'ರ್‍ಯಾಂಕ್ ಪೇ' ಪ್ರಕರಣವನ್ನು ನೋಡಬೇಕು. ನಾಲ್ಕನೇ ವೇತನ ಆಯೋಗದ ಶಿಫಾರಸಿನಂತೆ 1986ರ ಜನವರಿ 1ರಿಂದ ಕ್ಯಾಪ್ಟನ್‌ನಿಂದ ಬ್ರಿಗೇಡಿಯರ್‌ವರೆಗಿನ ಅಧಿಕಾರಿಗಳಿಗೆ ಮೂಲ ವೇತನದ ಜತೆಗೆ ರ್‍ಯಾಂಕ್ ಪೇ ಎಂಬ ಮೊತ್ತ ಸೇರಬೇಕಿತ್ತು. ಸಂಬಳ ನಿಗದಿ ಮಾಡುವಾಗ ಲೆಕ್ಕಪತ್ರದವರು ಅಷ್ಟೇ ಮೊತ್ತವನ್ನು ಮೂಲ ವೇತನದಲ್ಲಿ ಕಳೆದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ ಹಾಗಾಯಿತು. ಮೂಲ ವೇತನ ತಗ್ಗಿದರೆ ತುಟ್ಟಿಭತ್ಯೆ ತಗ್ಗುತ್ತದೆ, ನಿವೃತ್ತಿಯಾದ ಮೇಲೆ ಪೆನ್ಷನ್ನೂ ತಗ್ಗುತ್ತದೆ. ಮೇಜರ್ ಎ.ಕೆ. ಧನಪಾಲನ್ ಕೇರಳ ಹೈಕೋರ್ಟಿಗೆ ಹೋಗಿ 1998ರಲ್ಲಿ ಗೆದ್ದರು, ಆದರೆ ದುಡ್ಡು ಸಿಕ್ಕಿದ್ದು ಅವರಿಗೆ ಮಾತ್ರ. ಅದೇ ನಷ್ಟ ಅನುಭವಿಸಿದ್ದ ಸಾವಿರಾರು ಅಧಿಕಾರಿಗಳಿಗೂ ಅದು ದಕ್ಕಬೇಕು ಎಂದು ನಿವೃತ್ತ ರಕ್ಷಣಾ ಅಧಿಕಾರಿಗಳ ಸಂಘ ಸುಪ್ರೀಂ ಕೋರ್ಟಿನಲ್ಲಿ ಹೋರಾಡಿತು. 2010ರ ಮಾರ್ಚ್‌ನಲ್ಲಿ ಆದೇಶ ಅಧಿಕಾರಿಗಳ ಪರವಾಗಿ ಬಂತು, ಸರ್ಕಾರ ಮತ್ತೆ ತಕರಾರು ತೆಗೆಯಿತು, ಕೊನೆಗೆ 2012ರ ಸೆಪ್ಟೆಂಬರ್‌ನಲ್ಲಿ ಅದೇ ಆದೇಶ ಗಟ್ಟಿಯಾಯಿತು. ತಪ್ಪು ಲೆಕ್ಕ ಶುರುವಾಗಿ ಅಷ್ಟು ಹೊತ್ತಿಗೆ ಕಾಲು ಶತಮಾನ ಕಳೆದಿತ್ತು. ಒಬ್ಬರೇ ಇಷ್ಟು ಕಾಲ ಕೋರ್ಟು ಅಲೆಯಲು ಸಾಧ್ಯವೆ?

ಎಲ್ಲ ಹೋರಾಟವೂ ಹೀಗೆ ಗೆಲ್ಲುವುದಿಲ್ಲ. ಒಂದೇ ರ್‍ಯಾಂಕು, ಒಂದೇ ಸೇವಾವಧಿ ಇದ್ದವರಿಗೆ, ಯಾವಾಗಲೇ ನಿವೃತ್ತರಾಗಿರಲಿ, ಒಂದೇ ಪೆನ್ಷನ್ ಇರಬೇಕು ಎಂಬ 'ಒನ್ ರ್‍ಯಾಂಕ್ ಒನ್ ಪೆನ್ಷನ್' ಬೇಡಿಕೆಗೆ 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ದೊಡ್ಡ ಧರಣಿ ನಡೆದ ಮೇಲೆ, ನವೆಂಬರ್ 7ರಂದು ಆದೇಶ ಬಂತು. 2014ರ ಜುಲೈ 1ರಿಂದ ಅನ್ವಯ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಐದು ವರ್ಷ ಕಾಯಿಸಿದರೆ ಸಮಾನತೆ ಉಳಿಯುವುದಾದರೂ ಹೇಗೆ ಎಂದು ಮಾಜಿ ಸೈನಿಕರು ಸುಪ್ರೀಂ ಕೋರ್ಟಿಗೆ ಹೋದರು. 2022ರ ಮಾರ್ಚ್‌ನಲ್ಲಿ ಕೋರ್ಟು ಸರ್ಕಾರದ ನೀತಿಯನ್ನೇ ಎತ್ತಿಹಿಡಿಯಿತು. ಆದರೆ 2019ರ ಜುಲೈನಿಂದ ಬಾಕಿ ಉಳಿದಿದ್ದ ಪರಿಷ್ಕರಣೆಯನ್ನು ಮಾಡಿಕೊಡಿ ಎಂದೂ ಹೇಳಿತು.

ಇವೆಲ್ಲ ದೆಹಲಿಯ ವ್ಯವಹಾರ. ಸೇನೆ ಕೇಂದ್ರದ್ದು, ಪೆನ್ಷನ್ ಮಂಜೂರಾಗುವುದು ಪ್ರಯಾಗರಾಜ್‌ನ ಕಚೇರಿಯಿಂದ. ಹಾಗಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಸಂಘಕ್ಕೆ ಏನು ಕೆಲಸ? ಸೇವೆಯಲ್ಲಿ ಇರುವಷ್ಟು ದಿನ ಸೈನಿಕರಿಗೆ ಊಟ, ವಸತಿ, ಆಸ್ಪತ್ರೆ ಎಲ್ಲ ಕೇಂದ್ರದ್ದು. ಟ್ರಂಕು ಹಿಡಿದು ಊರಿಗೆ ಬಂದ ಮರುದಿನದಿಂದ ಅವರು ತಹಶೀಲ್ದಾರರ ಕಚೇರಿಯ ಮುಂದೆ ನಿಲ್ಲಬೇಕು. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಜಮೀನಿನ ಪಾಲಿದೆ. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಶೇ 10ರ ಮೀಸಲಾತಿ ಇದೆ. ಸಿಇಟಿ ಸೀಟು ಹಂಚಿಕೆಯಲ್ಲಿ 'ಡಿಫೆನ್ಸ್', 'ಎಕ್ಸ್-ಡಿಫೆನ್ಸ್' ಕೋಟಾ ಇದೆ. ಇವೆಲ್ಲ ವಿಧಾನಸೌಧದ ಕೈಯಲ್ಲಿರುವ ಸಂಗತಿಗಳು. ಅದರಲ್ಲೂ ಜಮೀನಿನದು ದೊಡ್ಡ ಗೋಳು. ನಿಯಮ ಪುಸ್ತಕದಲ್ಲಿದ್ದರೂ ಹಂಚಲು ಸರ್ಕಾರಿ ಜಮೀನು ಲಭ್ಯವಿಲ್ಲ ಎಂಬ ಹಿಂಬರಹ ಹೊತ್ತು ಅರ್ಜಿ ವಾಪಸು ಬರುತ್ತದೆ. ಕಂದಾಯ ಇಲಾಖೆಯ ಬೆನ್ನು ಹತ್ತುವುದಕ್ಕೆ ರಾಜ್ಯ ಮಟ್ಟದ ಸಂಘವೇ ಬೇಕು.

ಅಮೆರಿಕದಲ್ಲೂ ರಾಜ್ಯಕ್ಕೊಂದು ಮಿಲಿಟರಿ ಅಧಿಕಾರಿಗಳ ಸಂಘ ಇರುವುದುಂಟು, ಕಾರಣ ಮಾತ್ರ ಬೇರೆ. ಅಲ್ಲಿ ನ್ಯಾಷನಲ್ ಗಾರ್ಡ್ ಎಂಬ ಪಡೆ ಸಾಮಾನ್ಯ ದಿನಗಳಲ್ಲಿ ಆಯಾ ರಾಜ್ಯದ ಗವರ್ನರ್ ಮಾತು ಕೇಳುತ್ತದೆ. ಅದರ ಅಧಿಕಾರಿಗಳ ರಾಷ್ಟ್ರೀಯ ಸಂಘ 1878ರಷ್ಟು ಹಳೆಯದು, ಸೇವೆಯಲ್ಲಿರುವವರೂ ಅದರ ಸದಸ್ಯರು. ನಮ್ಮ ರಾಜ್ಯಗಳಿಗೆ ಈಗ ಸ್ವಂತ ಸೇನೆ ಇಲ್ಲ. 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆ ಸಂಸ್ಥಾನದ ಕಾಲದ ಮಾತಾಯಿತು.

ಸಂಘದ ದಿನನಿತ್ಯದ ಕೆಲಸ ಈ ಕೋರ್ಟು, ಧರಣಿಗಳಿಗಿಂತ ಎಷ್ಟೋ ಸಣ್ಣದು, ಆದರೆ ಅಷ್ಟೇ ಮುಖ್ಯ ಎಂದು ನನ್ನ ಭಾವನೆ. ಹವಾಲ್ದಾರರೊಬ್ಬರು ತೀರಿಕೊಂಡರು ಎಂದಿಟ್ಟುಕೊಳ್ಳಿ. ಪತ್ನಿಗೆ ಕುಟುಂಬ ಪೆನ್ಷನ್ ಬರಬೇಕಾದರೆ ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನಲ್ಲಿ, ಪಿಪಿಒ ಎಂಬ ಪೆನ್ಷನ್ ಮಂಜೂರಾತಿ ಪತ್ರದಲ್ಲಿ, ಆಧಾರ್‌ನಲ್ಲಿ ಹೆಸರು ಒಂದೇ ಇರಬೇಕು. ನಮ್ಮ ಕಡೆ ಹೆಸರಿನ ಮುಂದೆ ಊರಿನ, ತಂದೆಯ ಇನಿಷಿಯಲ್ ಇರುತ್ತದೆ. ಉತ್ತರದ ಗುಮಾಸ್ತರ ಕೈಯಲ್ಲಿ ಅದು ಬಿಡಿಸಿಕೊಂಡು ಬೇರೆಯೇ ಹೆಸರಾಗಿ ಕೂತಿರುತ್ತದೆ. ಪುಟ್ಟಮ್ಮ ಒಂದು ಕಡೆ, ಪುಟ್ಟತಾಯಮ್ಮ ಇನ್ನೊಂದು ಕಡೆ. ತಿದ್ದುಪಡಿಗೆ ಆಯಾ ಪಡೆಯವರ ಸೇವಾ ಕಡತಗಳಿರುವ ರೆಕಾರ್ಡ್ಸ್ ಕಚೇರಿಗೇ ಬರೆಯಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪಿನವರಾಗಿದ್ದರೆ ಬೆಂಗಳೂರಿನಲ್ಲೇ ಮುಗಿಯುತ್ತದೆ, ಮರಾಠಾ ಲೈಟ್ ಇನ್‌ಫೆಂಟ್ರಿಯಾದರೆ ಬೆಳಗಾವಿ. ಆರ್ಟಿಲರಿಯವರ ಕಡತ ನಾಸಿಕ್‌ನಲ್ಲಿ, ಸಿಗ್ನಲ್ಸ್‌ನವರದು ಜಬಲ್‌ಪುರದಲ್ಲಿ. ಹಿಂದಿಯೋ ಇಂಗ್ಲಿಷೋ ಬಾರದ ಆ ತಾಯಿ ಅಲ್ಲಿಗೆ ಏನೆಂದು ಬರೆದಾರು? ಪೆನ್ಷನ್ ಬ್ಯಾಂಕಿನಿಂದ 'ಸ್ಪರ್ಶ್' ಆನ್‌ಲೈನ್ ವ್ಯವಸ್ಥೆಗೆ ಬದಲಾದ ಮೇಲೆ ಪಾಸ್‌ವರ್ಡು, ಒಟಿಪಿಗಳ ಕಷ್ಟ ಬೇರೆ ಸೇರಿದೆ. ಸಂಘದ ಕಚೇರಿಯಲ್ಲಿ ಕೂತ ನಿವೃತ್ತ ಸುಬೇದಾರರು ಅರ್ಜಿ ಬರೆದು, ಅಫಿಡವಿಟ್ಟು ಮಾಡಿಸಿ, ಮೂರು ತಿಂಗಳಿಗೊಮ್ಮೆ ನೆನಪೋಲೆ ಕಳಿಸುತ್ತಾರೆ. ಅಲ್ಲಿಗೂ ಬಗೆಹರಿಯದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆಯಿಂದ ಹುಟ್ಟಿದ ಇದರ ಪೀಠಗಳಲ್ಲಿ ಕರ್ನಾಟಕ ಸೇರುವುದು ಕೊಚ್ಚಿಗೆ. ಬೀದರಿನ ವೃದ್ಧರೊಬ್ಬರಿಗೆ ಕೊಚ್ಚಿ ಎಷ್ಟು ದೂರ ಎಂದು ಹೇಳಬೇಕಿಲ್ಲ.

ಈ ಪರಂಪರೆಗೆ ಕನ್ನಡ ನಾಡಿನ ನಂಟು ಗಟ್ಟಿಯಾಗಿದೆ. ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು, 1953ರಲ್ಲಿ ನಿವೃತ್ತರಾದರು. ಮಾಜಿ ಸೈನಿಕರ ರಾಷ್ಟ್ರೀಯ ಒಕ್ಕೂಟವಾದ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗನ್ನು 1964ರಲ್ಲಿ ಕಟ್ಟಿದವರೂ ಅವರೇ. ಸೇನೆಯ ಅತ್ಯುನ್ನತ ಹುದ್ದೆಯಲ್ಲಿದ್ದವರು ನಿವೃತ್ತ ಸಿಪಾಯಿಗಳ ಪೆನ್ಷನ್ನು, ಪುನರ್ವಸತಿಯ ಚಿಂತೆಗೆ ಇಳಿದದ್ದು ನನಗೆ ಅವರ ಪದಕಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಪ್ರಶ್ನೆ ಉಳಿಯಿತು, ಮಾಜಿ ಸೈನಿಕ ಎಂದರೆ ಯಾರು? ಸರ್ಕಾರದ ವ್ಯಾಖ್ಯೆಯಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆಗಳಿಂದ ಪೆನ್ಷನ್ ಪಡೆದು ಬಂದವರು, ಗಾಯ ಅಥವಾ ಕಾಯಿಲೆಯ ಕಾರಣ ವೈದ್ಯಕೀಯವಾಗಿ ಬಿಡುಗಡೆಯಾದವರು ಮುಂತಾದವರು ಸೇರುತ್ತಾರೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನವರನ್ನು ಊರಿನಲ್ಲಿ ನಾವು ಮಿಲಿಟರಿಯವರು ಎಂದೇ ಕರೆದರೂ ಅವರು ಗೃಹ ಸಚಿವಾಲಯದ ಪಡೆಯವರು, ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಅಗ್ನಿವೀರರದು ಇನ್ನೂ ಸಂಕಟ. ನಾಲ್ಕು ವರ್ಷದ ಸೇವೆ, ಕಾಯಂ ಆಗುವುದು ಗರಿಷ್ಠ ಶೇ 25ರಷ್ಟು ಮಂದಿ. ಉಳಿದವರಿಗೆ ಸೇವಾನಿಧಿಯ ಇಡಿಗಂಟು ಸಿಗುತ್ತದೆ. ಪೆನ್ಷನ್ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ ಎಂದು ನೇಮಕಾತಿಯ ಷರತ್ತಿನಲ್ಲೇ ಇದೆ. ಸರ್ಕಾರದ ವ್ಯಾಖ್ಯೆ ಸಂಘದ ಸದಸ್ಯತ್ವವನ್ನು ಕಟ್ಟಿಹಾಕುವುದಿಲ್ಲ, ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಸಂಘದ ಬೈಲಾಕ್ಕೆ, ಅಂದರೆ ಅದರ ಒಳ ನಿಯಮಗಳಿಗೆ, ಬಿಟ್ಟದ್ದು. ಇಪ್ಪತ್ತೈದರ ಆಸುಪಾಸಿನಲ್ಲೇ ಮನೆಗೆ ಬರುವ ಆ ಹುಡುಗ ಹುಡುಗಿಯರಿಗಾಗಿ ನಮ್ಮ ಸಂಘಗಳು ಬೈಲಾ ತಿದ್ದಿಕೊಳ್ಳಬೇಕು, ಮುಂದಿನ ವಾರ್ಷಿಕ ಮಹಾಸಭೆಯಲ್ಲೇ.