ಸಮರಕಲೆಯ ಚಿತ್ರಗಳು: ವಿದ್ಯೆ ಯಾರಿಗೆ, ಸಾವು ಯಾರಿಗೆ?

ಸಿನಿಮಾ ತರಗತಿಯಲ್ಲಿ ಪ್ರಾತಿನಿಧ್ಯದ ಪಾಠ, ಅಂದರೆ ತೆರೆಯ ಮೇಲೆ ಯಾರಿಗೆ ಎಂಥ ಜಾಗ ಸಿಗುತ್ತದೆ ಎಂಬ ಪಾಠ, ಬಂದ ಕೂಡಲೇ ನಮ್ಮಲ್ಲಿ ಬಹುತೇಕರು ತಲೆ ಎಣಿಸಲು ಕೂರುತ್ತೇವೆ. ಹೆಂಗಸರು ಎಷ್ಟು, ಆಫ್ರಿಕನ್ ಅಮೆರಿಕನ್ನರು ಎಷ್ಟು, ಏಷ್ಯಾದವರು ಎಷ್ಟು. ಸಮರಕಲೆಯ ಚಿತ್ರಗಳಿಗೆ ಈ ಲೆಕ್ಕ ಸಾಲದು. ಇಲ್ಲಿ ನೋಡಬೇಕಾದದ್ದು ಎರಡು: ಕೊನೆಯ ಕಾಳಗದವರೆಗೆ ಕಥೆ ಯಾರನ್ನು ಬದುಕಿಸುತ್ತದೆ, ಮತ್ತು ವಿದ್ಯೆಯನ್ನು ಯಾರಿಗೆ ಕಲಿಸುತ್ತದೆ.

ಮೊದಲನೆಯದು ಸುಲಭ. ‘ಎಂಟರ್ ದಿ ಡ್ರ್ಯಾಗನ್’ (1973) ಚಿತ್ರದಲ್ಲಿ ಬ್ರೂಸ್ ಲೀ ಜೊತೆಗೆ ಆಫ್ರಿಕನ್ ಅಮೆರಿಕನ್ ಕರಾಟೆಪಟು ಜಿಮ್ ಕೆಲ್ಲಿ ಇದ್ದಾರೆ, ಬಿಳಿಯ ನಟ ಜಾನ್ ಸ್ಯಾಕ್ಸನ್ ಇದ್ದಾರೆ, ಲೀಯ ತಂಗಿಯಾಗಿ ಏಂಜೆಲಾ ಮಾವೋ ಇದ್ದಾರೆ. ಪಟ್ಟಿ ನೋಡಿದರೆ ವೈವಿಧ್ಯಕ್ಕೆ ಕೊರತೆಯಿಲ್ಲ. ಆದರೆ ಕೆಲ್ಲಿಯ ಪಾತ್ರ ನಡುವೆಯೇ ಸಾಯುತ್ತದೆ, ಸ್ಯಾಕ್ಸನ್‌ನ ಪಾತ್ರ ಉಳಿಯುತ್ತದೆ. ಕರಾಟೆಪಟು ಹೋದ, ನಟ ಉಳಿದ! ಹಾಂಗ್‌ಕಾಂಗ್‌ನ ‘ಹಾಪ್ಕಿಡೊ’ದಲ್ಲಿ (1972) ಮುಖ್ಯ ಪಾತ್ರ ಮಾಡಿದ್ದ ಮಾವೋಗೆ ಇಲ್ಲಿ ಸಿಕ್ಕಿದ್ದು ನೆನಪಿನಲ್ಲಿ ಬಂದುಹೋಗುವ ಒಂದೇ ಪ್ರಸಂಗ. ಬೆನ್ನಟ್ಟಿದವರನ್ನು ಕೆಡವುತ್ತಾಳೆ, ಮೂಲೆಗೆ ಸಿಕ್ಕಾಗ ತನ್ನನ್ನೇ ಇರಿದುಕೊಳ್ಳುತ್ತಾಳೆ. ಅವಳ ಸಾವಿನಿಂದ ಅಣ್ಣನ ಸೇಡಿಗೆ ಕಾರಣ ಸಿಗುತ್ತದೆ, ಅಷ್ಟೇ.

ಎರಡನೆಯ ಪ್ರಶ್ನೆಗೆ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ (2000) ಚಿತ್ರವನ್ನು ಓದಬೇಕು. ನಮ್ಮ ಉತ್ತರಗಳಲ್ಲಿ ಎಲ್ಲರೂ ನಾಯಕಿಯರಾದ ಮಿಶೆಲ್ ಯೋ ಮತ್ತು ಝಾಂಗ್ ಝಿಯಿ ಬಗ್ಗೆ ಬರೆಯುತ್ತಾರೆ. ನನಗೆ ಹೆಚ್ಚು ತೂಕದ ಪಾತ್ರವಾಗಿ ಕಾಣುವುದು ಖಳನಾಯಕಿ ಜೇಡ್ ಫಾಕ್ಸ್. ವೂಡಾಂಗ್ ಎಂಬ ಸಮರಕಲೆಯ ಪಂಥದ ಗುರು ಅವಳ ಜೊತೆ ಮಲಗಿದ, ವಿದ್ಯೆ ಮಾತ್ರ ಕೊಡಲಿಲ್ಲ. ಅವಳು ಗುರುವಿಗೆ ವಿಷವಿಟ್ಟು ಆ ವಿದ್ಯೆಯ ಗ್ರಂಥ ಕದ್ದಳು. ಕದ್ದ ಗ್ರಂಥವನ್ನಾದರೂ ಅನುಭವಿಸಿದಳೇ? ಓದಲು ಬಾರದ ಅವಳಿಗೆ ದಕ್ಕಿದ್ದು ಅದರೊಳಗಿನ ರೇಖಾಚಿತ್ರಗಳು ಮಾತ್ರ. ಅಧಿಕಾರಿಯ ಮಗಳಾಗಿ ಅಕ್ಷರ ಬಲ್ಲ ಅವಳ ಶಿಷ್ಯೆ ಜೆನ್ (ಝಾಂಗ್ ಝಿಯಿ) ಅದೇ ಪುಟಗಳನ್ನು ಓದಿ ಮುಂದೆ ಹೋದಳು, ತಿಳಿದದ್ದನ್ನು ಹೇಳಲೂ ಇಲ್ಲ. ಹೆಣ್ಣು ಎಂಬ ಒಂದೇ ಪದದ ಕೆಳಗೆ ಇಬ್ಬರನ್ನೂ ಸೇರಿಸಿ ಎಣಿಸಿದರೆ ಈ ವರ್ಗಭೇದ ತಪ್ಪಿಹೋಗುತ್ತದೆ. ಜೇಡ್ ಫಾಕ್ಸ್ ಆದವರು ಚೆಂಗ್ ಪೈಪೈ. 1966ರ ‘ಕಮ್ ಡ್ರಿಂಕ್ ವಿತ್ ಮೀ’ಯಲ್ಲಿ ಕತ್ತಿ ಹಿಡಿದ ನಾಯಕಿ ಅವರೇ. ಅದನ್ನು ತಿಳಿದವರಿಗೆ ಈ ಪಾತ್ರದ ಕಹಿ ಇನ್ನಷ್ಟು ಮುಟ್ಟುತ್ತದೆ.

ದಾವಣಗೆರೆಯಂಥ ಕುಸ್ತಿಯ ಊರಿನವರಿಗೆ ಇದು ದೂರದ ಮಾತಲ್ಲ. ಗರಡಿಮನೆಯೊಳಗೆ ಹೆಣ್ಣುಮಕ್ಕಳು ಕಾಲಿಡಬಾರದೆಂಬ ರೂಢಿ ನಮ್ಮಲ್ಲೂ ಬಹುಕಾಲ ಇತ್ತು. ಹಾಗಿದ್ದಾಗ ಪಟ್ಟು ಕಲಿಯದ ಹೆಂಗಸು ತೆರೆಯ ಮೇಲೆ ಹೋರಾಡುವುದು ಹೇಗೆ? ಒಂದು ಉತ್ತರ ಚಿತ್ರದುರ್ಗದ ಕೋಟೆಯಲ್ಲಿದೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಒಂದು ಹಾಡಿನಷ್ಟು ಹೊತ್ತು ಬರುತ್ತಾರೆ. ಕಿಂಡಿ ಕಿರಿದು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಬೇಕು, ತಲೆ ಮೊದಲು ಬರುತ್ತದೆ. ಒನಕೆ ಎತ್ತಿ ಕುಟ್ಟುವುದು ಅವಳ ತೋಳಿಗೆ ದಿನನಿತ್ಯದ ಅಭ್ಯಾಸ. ಯಾವ ಗುರುವೂ ಇಲ್ಲದ ಈ ಕಾಳಗ ಅದಕ್ಕೇ ನಂಬುವಂತಿದೆ. ಓಬವ್ವ ಛಲವಾದಿ ಸಮುದಾಯದವಳು, ಕಾವಲುಗಾರನ ಹೆಂಡತಿ ಎಂಬುದನ್ನು ಉತ್ತರದಲ್ಲಿ ಬಿಡಬೇಡಿ. ಜಾತಿಯನ್ನು ಬಿಟ್ಟು ಬರೀ ವೀರವನಿತೆ ಎಂದು ಬರೆದರೆ ಅರ್ಧ ಅಂಕದ ಉತ್ತರ.

ಕ್ಯಾಮೆರಾದ ಹಿಂದೆಯೂ ನೋಡಿ. ನಾಯಕಿಯ ಬದಲು ವಿಗ್ ಹಾಕಿದ ಗಂಡಸು ಡ್ಯೂಪ್ ಆಗಿ ಜಿಗಿಯುವುದು ಹಾಲಿವುಡ್‌ನಲ್ಲಿ ಬಹುಕಾಲ ನಡೆದ ಪದ್ಧತಿ. ನೃತ್ಯ ಕಲಿತು ಬಂದ ಮಿಶೆಲ್ ಯೋ 1985ರ ‘ಯೆಸ್, ಮ್ಯಾಡಮ್’ನಲ್ಲಿ ತಾವೇ ಹೊಡೆದಾಡಿದರು. ಅತ್ಯುತ್ತಮ ನಟಿಯ ಆಸ್ಕರ್ ಅವರಿಗೆ ಬಂದದ್ದು 2023ರಲ್ಲಿ. ಸಾಹಸ ನಿರ್ದೇಶಕರಿಗೆ ಅಲ್ಲಿ ಆಗ ಪ್ರತ್ಯೇಕ ಪ್ರಶಸ್ತಿಯೇ ಇರಲಿಲ್ಲ.