ವೈದ್ಯರ ಲೆಕ್ಕ: ಮೊಜಾಂಬಿಕ್ ಹಿಡಿದ ದಾರಿ

ಬಡ ದೇಶಗಳಿಗೆ ಎಷ್ಟು ವೈದ್ಯರು ಬೇಕು ಎಂಬ ಪ್ರಶ್ನೆ ಬಂದರೆ ನಾವೆಲ್ಲ 'ಸಾವಿರ ಜನರಿಗೊಬ್ಬ' ಎಂದು ಬರೆದು ಮುಂದಕ್ಕೆ ಹೋಗುತ್ತೇವೆ. ಆ ಸರಾಸರಿಯೊಳಗೆ ರಾಜಧಾನಿಯಲ್ಲಿ ಕಿಕ್ಕಿರಿದ ವೈದ್ಯರೂ ಇರುತ್ತಾರೆ, ಒಬ್ಬರೂ ಇಲ್ಲದ ಜಿಲ್ಲೆಯೂ ಇರುತ್ತದೆ. ಮೊಜಾಂಬಿಕ್ ಕಲಿಸಿದ್ದು ಇದನ್ನೇ.

1975ರಲ್ಲಿ ಆಫ್ರಿಕಾದ ಆ ದೇಶ ಪೋರ್ಚುಗಲ್‌ನಿಂದ ಸ್ವತಂತ್ರವಾದಾಗ ಅಲ್ಲಿದ್ದ ಹೆಚ್ಚಿನ ವೈದ್ಯರು ಗಂಟುಮೂಟೆ ಕಟ್ಟಿ ಹೊರಟುಹೋದರು. ಹಿಂದೆಯೇ ಅಂತರ್ಯುದ್ಧ. ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿದ ತಾಯಿಗೆ ಸಿಸೇರಿಯನ್ ಆಗಬೇಕಾದದ್ದು ಆ ರಾತ್ರಿಯೇ. ಕಾಲೇಜು ಸೇರಿದ ಹುಡುಗ ತಜ್ಞನಾಗಿ ಹೊರಬರಲು ಹತ್ತು ವರ್ಷವಾದರೂ ಹಿಡಿಯುತ್ತದೆ.

ಹಾಗಾಗಿ 1984ರಲ್ಲಿ 'ಟೆಕ್ನಿಕೊ ದೆ ಸಿರುರ್ಜಿಯಾ', ಅಂದರೆ ಶಸ್ತ್ರಚಿಕಿತ್ಸೆಯ ತಂತ್ರಜ್ಞ, ಎಂಬ ತರಬೇತಿ ಶುರುವಾಯಿತು. ಎಂಬಿಬಿಎಸ್‌ನಂಥ ಪದವಿಯಿಲ್ಲದ, ಆದರೆ ಆಸ್ಪತ್ರೆಯಲ್ಲಿ ದುಡಿದು ಪಳಗಿದ ಆರೋಗ್ಯ ಸಿಬ್ಬಂದಿಗೆ ಶಸ್ತ್ರಚಿಕಿತ್ಸೆ ಕಲಿಸುವುದು. ಎರಡು ವರ್ಷ ರಾಜಧಾನಿ ಮಾಪುಟೊದ ಕೇಂದ್ರ ಆಸ್ಪತ್ರೆಯಲ್ಲಿ ಪಾಠ ಮತ್ತು ಅಭ್ಯಾಸ, ಇನ್ನೊಂದು ವರ್ಷ ಪ್ರಾಂತೀಯ ಆಸ್ಪತ್ರೆಯಲ್ಲಿ.

'ಅರೆಬರೆ ಕಲಿತವರ ಕೈಗೆ ಕತ್ತಿ ಕೊಡುವುದೇ?' ಎಂದು ನನಗೂ ಮೊದಲು ಅನ್ನಿಸಿತ್ತು. ಮಾಪುಟೊದಲ್ಲಿ ಸಾಲಾಗಿ ನಡೆದ 2,071 ಸಿಸೇರಿಯನ್‌ಗಳನ್ನು ತಜ್ಞ ವೈದ್ಯರು ಮಾಡಿದವು, ಈ ತಂತ್ರಜ್ಞರು ಮಾಡಿದವು ಎಂದು ಬೇರ್ಪಡಿಸಿ ಸಂಶೋಧಕರು ಹೋಲಿಸಿದ್ದಾರೆ. ಕಂಡ ವ್ಯತ್ಯಾಸ ಒಂದೇ: ಇವರು ಮಾಡಿದವುಗಳಲ್ಲಿ ಹೊಲಿಗೆಯ ಮೇಲ್ಪದರ ಬಿಟ್ಟುಕೊಳ್ಳುವುದು ತುಸು ಹೆಚ್ಚು. 2002ರ ಹೊತ್ತಿಗೆ ಜಿಲ್ಲಾ ಆಸ್ಪತ್ರೆಗಳ ದೊಡ್ಡ ಪ್ರಸೂತಿ ಶಸ್ತ್ರಚಿಕಿತ್ಸೆಗಳಲ್ಲಿ 92 ಶೇಕಡಾ ಇವರದೇ ಕೈಕೆಲಸ.

ಗಟ್ಟಿಯಾಗಿ ನೆನಪಿಡಬೇಕಾದದ್ದು ಇದು: ಜಿಲ್ಲೆಗೆ ಹೋದ ಏಳು ವರ್ಷಗಳ ನಂತರ ಈ ತಂತ್ರಜ್ಞರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ ಅಲ್ಲೇ ಇದ್ದರು. ಜೊತೆಗೆ ಹೋದ ವೈದ್ಯರಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಇವರ ಅರ್ಹತೆಗೆ ದೇಶದ ಹೊರಗೆ ಬೆಲೆಯಿಲ್ಲದ್ದೂ ಒಂದು ಕಾರಣವಿರಬೇಕು. ಅಂದಮೇಲೆ ಯೋಜನೆಯ ಪಟ್ಟಿಯಲ್ಲಿ 'ಎಷ್ಟು ಜನ ಪಾಸಾದರು' ಎಂಬುದರ ಪಕ್ಕದಲ್ಲೇ 'ಏಳು ವರ್ಷದ ಮೇಲೆ ಎಲ್ಲಿದ್ದಾರೆ' ಎಂಬ ಕಾಲಂ ಇರಲೇಬೇಕು.

ನಮ್ಮ ದೇಶ ಹಿಡಿದದ್ದು ಇದಕ್ಕೆ ಎದುರು ದಾರಿ. ಅಜ್ಜ ಅಜ್ಜಿಯರು 'ಎಲ್‌ಎಂಪಿ ಡಾಕ್ಟರು' ಎನ್ನುತ್ತಿದ್ದರಲ್ಲ, ಕಡಿಮೆ ವರ್ಷ ಓದಿದ ಆ ಲೈಸೆನ್ಷಿಯೇಟರೇ ನೋಂದಾಯಿತ ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚಿದ್ದ ಕಾಲ ಅದು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ 1946ರ ಭೋರ್ ಸಮಿತಿ ಆ ಕೋರ್ಸ್ ಬೇಡ, ಪದವಿ ಪಡೆದ ಒಂದೇ ಬಗೆಯ ವೈದ್ಯರು ಸಾಕು ಎಂದಿತು. ಅವರ ಉದ್ದೇಶ ಒಳ್ಳೆಯದೇ. ಹಳ್ಳಿಯವನಿಗೂ ಪಟ್ಟಣದವನಷ್ಟೇ ಕಲಿತ ವೈದ್ಯ ಸಿಗಲಿ ಎಂಬುದು. ಆ ವೈದ್ಯ ಹಳ್ಳಿಗೆ ಬರುವ ದಾರಿಯನ್ನು ನಾವು ಇನ್ನೂ ಹುಡುಕುತ್ತಿದ್ದೇವೆ.