ಬದಲಿಸುವ ದಿನವನ್ನು ನೆನೆದು ಡಿಸ್ಕ್ ಕೊಳ್ಳಿ

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ವಿದ್ಯಾನಗರದ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಮನೆಯ ಸರ್ವರಿನಲ್ಲಿದ್ದ ನಾಲ್ಕು ಹಾರ್ಡ್ ಡಿಸ್ಕುಗಳ ಪೈಕಿ ಒಂದು ಕೆಟ್ಟಿದೆಯೆಂದು ನನ್ನನ್ನು ಕರೆಸಿದ್ದರು. ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಹಾಡುಗಳು, ಮಕ್ಕಳ ಮದುವೆಯ ವಿಡಿಯೊ, ಊರ ಜಾತ್ರೆಯ ಚಿತ್ರೀಕರಣ ಎಲ್ಲವೂ ಅದರಲ್ಲಿದ್ದವು. ಅವರು ಆಗಲೇ ತಂದಿಟ್ಟಿದ್ದ 4 ಟಿಬಿಯ ಹೊಸ ಡಿಸ್ಕನ್ನು ಕೂರಿಸಿ ರೀಬಿಲ್ಡ್, ಅಂದರೆ ಉಳಿದ ಮೂರರ ನೆರವಿನಿಂದ ಕೆಟ್ಟ ಡಿಸ್ಕಿನ ದತ್ತಾಂಶವನ್ನು ಹೊಸದರಲ್ಲಿ ಮತ್ತೆ ಬರೆಯುವ ಕೆಲಸ, ಆರಂಭಿಸಿದೆವು. ಮೊದಲ ಒಂದು ಗಂಟೆ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಸರಾಗವಾಗಿ ಸಾಗಿದ್ದ ಕೆಲಸ, ಊಟ ಮುಗಿಸಿ ಬರುವಷ್ಟರಲ್ಲಿ 12 ಎಂಬಿಗೆ ಇಳಿದಿತ್ತು. “ನಾಳೆಗಾದ್ರೂ ಮುಗಿಯುತ್ತೇನಪ್ಪಾ?” ಎಂದು ಮೇಷ್ಟ್ರು ಕೇಳಿದರು. ಮುಗಿದದ್ದು ಐದನೆಯ ದಿನ. ಅಷ್ಟೂ ದಿನ ಉಳಿದ ಮೂರರಲ್ಲಿ ಇನ್ನೊಂದು ಕೈಕೊಟ್ಟಿದ್ದರೆ ಎಲ್ಲವೂ ಹೋಗುತ್ತಿತ್ತು.

ಹೊಸ ಡಿಸ್ಕಿನಲ್ಲಿ ದೋಷವೇನೂ ಇರಲಿಲ್ಲ. ಅದು ಎಸ್‌ಎಂಆರ್ ಜಾತಿಯದಾಗಿತ್ತು, ಅಷ್ಟೇ. ಹೆಂಚಿನ ಮಾಡಿನಲ್ಲಿ ಒಂದು ಹೆಂಚಿನ ಅಂಚು ಮತ್ತೊಂದರ ಮೇಲೆ ಕೂರುವಂತೆ, ಈ ಡಿಸ್ಕುಗಳಲ್ಲಿ ದತ್ತಾಂಶದ ಪಥಗಳು ಒಂದರ ಅಂಚಿನ ಮೇಲೊಂದು ಬರುವ ಹಾಗೆ ಬರೆಯಲ್ಪಡುತ್ತವೆ. ಜಾಗ ಉಳಿಯುತ್ತದೆ, ಬೆಲೆ ತಗ್ಗುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಲು ಮೇಲಿನವನ್ನೂ ಎತ್ತಬೇಕಾಗುವಂತೆ, ಬರೆದ ಜಾಗದಲ್ಲಿ ಮತ್ತೆ ಬರೆಯಬೇಕಾದರೆ ಪಕ್ಕದ ಪಥಗಳನ್ನೆಲ್ಲ ಓದಿ ಪುನಃ ಬರೆಯಬೇಕಾಗುತ್ತದೆ. ಒಳಗಿರುವ ಸಣ್ಣ ತಾತ್ಕಾಲಿಕ ಜಾಗ ಮೊದಲ ಹೊಡೆತವನ್ನು ತಡೆದುಕೊಳ್ಳುವುದರಿಂದ ಆರಂಭದಲ್ಲಿ ವೇಗ ಚೆನ್ನಾಗಿಯೇ ಕಾಣುತ್ತದೆ, ಅದು ತುಂಬಿದ ಮೇಲೆ ನಿಜಬಣ್ಣ ಹೊರಬೀಳುತ್ತದೆ. ಸಿನಿಮಾ ನೋಡುವ, ಹಾಡು ಕೇಳುವ ದಿನಗಳಲ್ಲಿ ಈ ಕೊರತೆ ಗಮನಕ್ಕೇ ಬಾರದು. ಆದ್ದರಿಂದಲೇ ನನ್ನ ಬಳಿ ಬರುವವರಿಗೆ, ಡಿಸ್ಕನ್ನು ಅಳೆಯಬೇಕಾದದ್ದು ರೀಬಿಲ್ಡಿನ ದಿನದ ಲೆಕ್ಕದಲ್ಲಿ ಎಂದು ಹೇಳುತ್ತೇನೆ.

ಪೆಟ್ಟಿಗೆಯ ಮೇಲಿನ ಹೆಸರನ್ನಷ್ಟೇ ನಂಬಿ ಕೊಳ್ಳುವಂತಿಲ್ಲ. ಎನ್‌ಎಎಸ್‌ಗೆಂದೇ (ಮನೆಯ ಜಾಲದಲ್ಲಿರುವ ಇಂಥ ಸಂಗ್ರಹ ಸರ್ವರಿಗೆಂದೇ) ಮಾರಾಟವಾಗುತ್ತಿದ್ದ ವೆಸ್ಟರ್ನ್ ಡಿಜಿಟಲ್ (ಡಬ್ಲ್ಯುಡಿ) ಕಂಪನಿಯ ರೆಡ್ ಸರಣಿಯ 2ರಿಂದ 6 ಟಿಬಿಯ ಕೆಲವು ಮಾದರಿಗಳು ಎಸ್‌ಎಂಆರ್ ಎಂಬುದನ್ನು ಕಂಪನಿಯೇ 2020ರಲ್ಲಿ ಒಪ್ಪಿಕೊಳ್ಳಬೇಕಾಯಿತು. ಆ ಗದ್ದಲದ ನಂತರವೇ ಪಥಗಳು ಒಂದರ ಮೇಲೊಂದು ಬಾರದ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂಬ ಪ್ರತ್ಯೇಕ ಹೆಸರು ಬಂತು. ರೆಡ್ ಪ್ಲಸ್, ಸೀಗೇಟಿನ ಐರನ್‌ವುಲ್ಫ್, ತೋಷಿಬಾದ ಎನ್300 ಇವು ಸಿಎಂಆರ್ ಜಾತಿಯವು. ನಮ್ಮ ಊರಿನ ಅಂಗಡಿಗಳಲ್ಲಿ ಕೇಳಿದೊಡನೆ ಸಿಗುವುದು ಸಾಮಾನ್ಯವಾಗಿ ಡೆಸ್ಕ್‌ಟಾಪ್ ಡಿಸ್ಕು, ಇಲ್ಲವೇ ಸಿಸಿಟಿವಿಗೆ ಹಾಕುವ ಡಿಸ್ಕು. ಅವಸರವಿಲ್ಲದಿದ್ದರೆ ಎರಡು ದಿನ ಕಾದು ಬೆಂಗಳೂರಿನಿಂದ ತರಿಸುವುದೇ ಮೇಲು. ಹಣ ಕೊಡುವ ಮುನ್ನ ಪೂರ್ತಿ ಮಾದರಿ ಸಂಖ್ಯೆಯನ್ನು ಕಂಪನಿಯ ವಿವರಪಟ್ಟಿಯಲ್ಲಿ ಹುಡುಕಿ, ಸಿಎಂಆರ್ ಎಂದು ಬರೆದಿದೆಯೇ ನೋಡಿ.

ಎರಡನೆಯ ವ್ಯತ್ಯಾಸ ಇದಕ್ಕಿಂತ ಸೂಕ್ಷ್ಮವಾದದ್ದು. ಓದಲಾಗದ ಸೆಕ್ಟರ್ (ಡಿಸ್ಕಿನ ಮೇಲಿನ ದತ್ತಾಂಶದ ಸಣ್ಣ ತುಣುಕು) ಎದುರಾದಾಗ ಡೆಸ್ಕ್‌ಟಾಪ್ ಡಿಸ್ಕು ಛಲ ಬಿಡದೆ ಒಂದು ನಿಮಿಷವನ್ನೂ ಮೀರಿ ಅದನ್ನೇ ಓದಲು ಪ್ರಯತ್ನಿಸುತ್ತಿರಬಹುದು, ಏಕೆಂದರೆ ಆ ದತ್ತಾಂಶ ಬೇರೆಲ್ಲೂ ಇಲ್ಲವೆಂದೇ ಅದರ ನಂಬಿಕೆ. ಎನ್‌ಎಎಸ್ ಡಿಸ್ಕು ಸುಮಾರು 7 ಸೆಕೆಂಡಿಗೆ ಕೈಚೆಲ್ಲಿ, ಉಳಿದ ಡಿಸ್ಕುಗಳಿಂದ ಲೆಕ್ಕ ಹಾಕಿಕೊಳ್ಳಲು ಸರ್ವರಿಗೆ ಬಿಟ್ಟುಕೊಡುತ್ತದೆ. ಇಂಥ ಸರ್ವರುಗಳನ್ನು ನಡೆಸುವ ಲಿನಕ್ಸ್ ತಂತ್ರಾಂಶ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ, ಒಂದೇ ಸೆಕ್ಟರ್ ಹಾಳಾಗಿರುವ ಡಿಸ್ಕು ಪೂರ್ತಿಯಾಗಿ ಸಾಲಿನಿಂದ ಹೊರಬೀಳುವ ಸಂಭವವಿದೆ. ಬದುಕಿರುವ ಡಿಸ್ಕನ್ನು ಸತ್ತಿದೆಯೆಂದು ಕಸಕ್ಕೆ ಹಾಕಿದವರನ್ನು ನಾನು ಕಂಡಿದ್ದೇನೆ.

ಯಾವ ಕಂಪನಿ ಒಳ್ಳೆಯದು ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಬ್ಯಾಕ್‌ಬ್ಲೇಜ್ ಎಂಬ, ಆನ್‌ಲೈನಿನಲ್ಲಿ ದತ್ತಾಂಶ ಇಟ್ಟುಕೊಡುವ ಅಮೆರಿಕದ ಸಂಸ್ಥೆ ತನ್ನಲ್ಲಿರುವ ಡಿಸ್ಕುಗಳ ವೈಫಲ್ಯದ ಅಂಕಿಅಂಶಗಳನ್ನು ಮಾದರಿವಾರು ಪ್ರಕಟಿಸುತ್ತ ಬಂದಿದೆ. ಅದನ್ನು ಓದಿದರೆ ತಿಳಿಯುವುದು, ಒಂದೇ ಕಂಪನಿಯ ಎರಡು ಮಾದರಿಗಳ ನಡುವಿನ ಅಂತರ ಎರಡು ಕಂಪನಿಗಳ ನಡುವಿನದಕ್ಕಿಂತ ದೊಡ್ಡದಿರಬಹುದು ಎಂಬುದು. ಸೀಗೇಟಿನ 3 ಟಿಬಿಯ ಒಂದು ಮಾದರಿ ಅಲ್ಲಿ ಸಾಲುಸಾಲಾಗಿ ಕೆಟ್ಟಿತು. ಅದೇ ಕಂಪನಿಯ 4 ಟಿಬಿಯ ಮಾದರಿ ವರ್ಷಗಟ್ಟಲೆ ದುಡಿಯಿತು. ಹೀಗಾಗಿ ನಾಲ್ಕನ್ನೂ ಒಂದೇ ಅಂಗಡಿಯಿಂದ ಒಂದೇ ದಿನ ಕೊಳ್ಳಬೇಡಿ. ಒಂದೇ ತಯಾರಿಯ ಡಿಸ್ಕುಗಳು ಒಂದೇ ಕಾಯಿಲೆಗೆ ಒಟ್ಟಿಗೆ ಬೀಳಬಲ್ಲವು.

ತಂದ ಡಿಸ್ಕನ್ನು ಆ ದಿನವೇ ತುಂಬಿಸಬಾರದು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯಲ್ಲಿ ಓಡಿದ ಗಂಟೆಗಳ ಲೆಕ್ಕ ಸೊನ್ನೆಯ ಆಸುಪಾಸಿನಲ್ಲಿದೆಯೇ ನೋಡಿ. ಬಳಸಿದ ಡಿಸ್ಕುಗಳ ಆ ಲೆಕ್ಕವನ್ನೇ ಅಳಿಸಿ ಹೊಸದೆಂದು ಮಾರುವವರೂ ಇರುವುದರಿಂದ, ವಾರಂಟಿಯ ಅವಧಿಯನ್ನು ಕ್ರಮಸಂಖ್ಯೆ ಹಾಕಿ ಕಂಪನಿಯ ತಾಣದಲ್ಲಿಯೂ ಪರೀಕ್ಷಿಸಿ. ಬಳಿಕ ದೀರ್ಘ ಪರೀಕ್ಷೆ ಓಡಿಸಬೇಕು; 8 ಟಿಬಿಯ ಡಿಸ್ಕಿಗೆ ಅದು ಅರ್ಧ ದಿನವನ್ನು ಮೀರುತ್ತದೆ. ಹಾಳಾದ ಸೆಕ್ಟರುಗಳನ್ನು ಎಣಿಸುವ, ವರದಿಯ 5, 197 ಮತ್ತು 198ನೆಯ ಸಾಲುಗಳು ಸೊನ್ನೆಯಲ್ಲಿರಬೇಕು. ಹೊಸ ಡಿಸ್ಕಿನಲ್ಲಿ ಅವುಗಳಲ್ಲಿ ಒಂದಂಕಿ ಕಂಡರೂ ನಾನು ಹಿಂದಿರುಗಿಸುತ್ತೇನೆ. 199ನೆಯ ಸಾಲು ಏರುತ್ತಿದ್ದರೆ ಮಾತ್ರ ಡಿಸ್ಕನ್ನು ಬೈಯಬೇಡಿ, ಅದು ಹೆಚ್ಚಾಗಿ ಡಿಸ್ಕನ್ನು ಸರ್ವರಿಗೆ ಜೋಡಿಸುವ ಸಾಟಾ ಕೇಬಲ್ಲಿನ ತಕರಾರು.

ಒಂದು ಮಾತು ಕರೆಂಟಿನ ಬಗ್ಗೆ. ಮನೆಯ ಇನ್ವರ್ಟರಿಗೆ ಸರ್ವರ್ ಜೋಡಿಸಿದ್ದರೆ ಇನ್ವರ್ಟರಿನ ಸ್ವಿಚ್ಚನ್ನು ಯುಪಿಎಸ್ ಮೋಡಿನಲ್ಲಿಡಿ. ಸಾಮಾನ್ಯ ಮೋಡಿನಲ್ಲಿ ಕರೆಂಟಿನಿಂದ ಬ್ಯಾಟರಿಗೆ ಬದಲಾವಣೆ ನಿಧಾನವಾಗಿ, ಫ್ಯಾನು ದೀಪಗಳಿಗೆ ಗೊತ್ತಾಗದಿದ್ದರೂ ಕಂಪ್ಯೂಟರ್ ಆರಿಹೋಗಬಹುದು. ಇನ್ನು ಟಿವಿಯ ಕೆಳಗಿನ ಮುಚ್ಚಿದ ಕಪಾಟು ನಮ್ಮ ಏಪ್ರಿಲ್ ಬಿಸಿಲಿಗೆ ಹೇಳಿಮಾಡಿಸಿದ ಒಲೆ. ಡಿಸ್ಕಿನ ಶಾಖ 45 ಡಿಗ್ರಿಯ ಒಳಗಿದ್ದರೆ ನನಗೆ ಸಮಾಧಾನ. ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಗಳಲ್ಲಿ ಫ್ಯಾನಿನ ಜಾಲರಿಗೆ ಮಸಿ ಕಟ್ಟುವುದರಿಂದ ಅಲ್ಲಿಯವರಿಗೆ ತಿಂಗಳಿಗೊಮ್ಮೆ ಒರೆಸಲು ಹೇಳುತ್ತೇನೆ.

ಮೇಷ್ಟ್ರ ಮನೆಯಲ್ಲಿ ಈಗ ನಾಲ್ಕರ ಬದಲು 12 ಟಿಬಿಯ ಎರಡೇ ಡಿಸ್ಕುಗಳಿವೆ. ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುವ ಮಿರರ್ ವ್ಯವಸ್ಥೆ. ಮನೆಗೆ ಇದಕ್ಕಿಂತ ಜಟಿಲವಾದದ್ದು ಬೇಕಿಲ್ಲವೆಂಬುದು ನನ್ನ ಅಭಿಪ್ರಾಯ. ತಪ್ಪಾಗಿ ಅಳಿಸಿದ ಫೈಲು ಎರಡರಿಂದಲೂ ಒಟ್ಟಿಗೇ ಅಳಿಸಿಹೋಗುವುದರಿಂದ, ಮದುವೆಯ ವಿಡಿಯೊಗಳ ಇನ್ನೊಂದು ಪ್ರತಿ ಚಿತ್ರದುರ್ಗದಲ್ಲಿರುವ ಅವರ ಮಗಳ ಮನೆಯಲ್ಲಿದೆ. ಕೊನೆಯಲ್ಲಿ ಎರಡೂ ಟ್ರೇಗಳ ಮುಂದೆ ಬಿಳಿ ಪಟ್ಟಿ ಅಂಟಿಸಿ, ಒಳಗಿನ ಡಿಸ್ಕಿನ ಕ್ರಮಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಮಾರ್ಕರಿನಲ್ಲಿ ಬರೆದೆವು. ಡಿಸ್ಕು ಕೆಟ್ಟ ದಿನ ಸರ್ವರ್ ತೋರಿಸುವುದು ಆ ಸಂಖ್ಯೆಯನ್ನೇ, ಮತ್ತು ಅವಸರದಲ್ಲಿ ಚೆನ್ನಾಗಿರುವುದನ್ನೇ ಎಳೆದು ತೆಗೆದ ಮನೆಗಳಿಗೂ ನಾನು ಹೋಗಿದ್ದೇನೆ.